ತಿರುವಿನಲ್ಲಿ ನಾಲ್ಕು ಬೆರಳು

"ನನ್ನನ್ನ ಬೀರು ಇಳಿಸಿದ ಹಾಗೆ ನಿಲ್ಲಿಸಿ ಇಳಿಸ್ಬೇಡ್ವೋ. ನಾನು ಕೇಳೋದು ಅಷ್ಟೇ," ಅಂದಳು ಅಕ್ಕ.

ಟೇಪಣ್ಣ ಮಾತ್ರೆ ಒಂದು ಕೈಯಲ್ಲಿ, ನೀರಿನ ಲೋಟ ಇನ್ನೊಂದು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ. ಯಾವಾಗ, ಯಾಕೆ ಇಳಿಸೋದು ಅಂತ ಕೇಳುವ ಹಾಗಿರಲಿಲ್ಲ. ಇನ್ನು ಆಸ್ಪತ್ರೆಗೆ ಕರ್ಕೊಂಡು ಬರೋದು ಬೇಡ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಅದನ್ನು ಟೇಪಣ್ಣನೂ ಅವನ ಹೆಂಡತಿಯೂ ಅಡುಗೆಮನೆ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದರು. ಅವರು ಬಾಗಿಲು ಹಾಕಿಕೊಂಡಾಗಲೇ ಅಕ್ಕನಿಗೆ ಎಲ್ಲ ಗೊತ್ತಾಗಿತ್ತು. ಆ ಮನೆಯ ಅಡುಗೆಮನೆ ಬಾಗಿಲು ಅಲ್ಲಿಯವರೆಗೆ ಯಾವತ್ತೂ ಹಾಕಿದ್ದಿಲ್ಲ.

ಅಕ್ಕನ ಭಯ ಸಾವಿನದಲ್ಲ, ಮೆಟ್ಟಿಲಿನದು. ಇವರಿದ್ದದ್ದು ಹಳೆಯ ಕಟ್ಟಡದ ಮೂರನೇ ಮಹಡಿ. ಅದರ ಮೆಟ್ಟಿಲು ಕರುಳಿನ ಹಾಗೆ ಸುತ್ತಿಕೊಂಡು ಇಳಿಯುತ್ತಿತ್ತು. ಹೋದ ವರ್ಷ ಎದುರುಮನೆಯ ಅಜ್ಜ ತೀರಿಕೊಂಡಾಗ ತಿರುವಿನಲ್ಲಿ ಸ್ಟ್ರೆಚರ್ ತಿರುಗಲಿಲ್ಲ ಅಂತ ಅವರನ್ನು ಕುರ್ಚಿಗೆ ದುಪ್ಪಟಿ ಸುತ್ತಿ ಕಟ್ಟಿ ಇಳಿಸಿದ್ದರು. ಬದುಕಿದ್ದಷ್ಟು ದಿನ ಯಾರ ಮಾತಿಗೂ ತಲೆಯಾಡಿಸದ ಮನುಷ್ಯ, ಅವತ್ತು ಮೆಟ್ಟಿಲು ಮೆಟ್ಟಿಲಿಗೂ ಹೂಂ ಹೂಂ ಅಂತ ತಲೆಯಾಡಿಸಿ ಎಲ್ಲರನ್ನೂ ಒಪ್ಪಿಕೊಳ್ಳುತ್ತಾ ಇಳಿದು ಹೋದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿದ್ದಳು.

"ಬಟ್ಟೆ ಅಂಗಡಿ ಕೌಂಟರ್ ಹಿಂದೆ ಜೀವಮಾನವೆಲ್ಲ ನಿಂತೇ ಕಳೆದೆ," ಅಂದಳು. "ಕೊನೇ ಸಲ ಹೋಗೋವಾಗ್ಲಾದ್ರೂ ಮಲಗಿ ಹೋಗ್ತೀನಿ. ಆಗುತ್ತೋ ಇಲ್ವೋ ಅಳೆದು ಹೇಳು. ನೀನು ಅಳೆಯೋನಲ್ವಾ?"

ಅಳೆಯೋನು ನಿಜ. ಸರ್ವೇ ಆಫೀಸಿನಲ್ಲಿ ಇವನ ತಲೆಯ ಕೂದಲು ನರೆಯುವಷ್ಟು ಕಾಲ ಅಳೆದಿದ್ದ. ಆದರೆ ಸ್ವಂತ ಸಹಿ ಹಾಕಿ ವರದಿ ಕೊಡಬೇಕಾದರೆ ವೃತ್ತಿ ಸಂಘದ ಅರ್ಹತಾ ಸಂದರ್ಶನ ಪಾಸಾಗಬೇಕು. ಅದರಲ್ಲಿ ಮೂರು ಸಲ ಬಿದ್ದಿದ್ದ. ಬೀಳುವುದರಲ್ಲೂ ಒಂದೇ ತಪ್ಪನ್ನು ಎರಡು ಸಲ ಮಾಡಿದವನಲ್ಲ. ಮೊದಲ ಸಲ ಪೀಠಿಕೆ ಮುಗಿಯುವ ಮುಂಚೆ ಗಂಟೆ ಬಾರಿಸಿತು. ಎರಡನೇ ಸಲ ಗೋಡೆಯ ತೇವದ ಬಗ್ಗೆ ಕೇಳಿದರೆ ಬೆಂಕಿ ಅನಾಹುತದ ಉತ್ತರ ಒಪ್ಪಿಸಿದ, ಯಾಕೆಂದರೆ ಬಾಯಿಪಾಠ ಮಾಡಿದ್ದು ಅದು. ಮೂರನೇ ಸಲ ಗೊತ್ತಿಲ್ಲದ ಪ್ರಶ್ನೆಗೆ "ಧಾರಾಳವಾಗಿ ಗೊತ್ತು ಸಾರ್" ಅಂದ. ಹಾಗಾದರೆ ವಿವರಿಸಿ ಅಂದರು.

ಹಾಗಾಗಿ ಈ ಸಲ ಹೆಂಡತಿಯೇ ಟೊಂಕ ಕಟ್ಟಿ ನಿಂತಿದ್ದಳು. ಅಭ್ಯರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳ ಪುಸ್ತಕವೊಂದನ್ನು ತಂದು, ಒಗ್ಗರಣೆ ಹಾಕುತ್ತಾ ಹಾಕುತ್ತಾ ಪ್ರಶ್ನೆ ಕೇಳುತ್ತಿದ್ದಳು. ಗಿರಾಕಿಯ ಗುಟ್ಟನ್ನು ಹೊರಗೆ ಆಡುವುದು ದೊಡ್ಡ ತಪ್ಪು ಅಂತ ಆ ಪುಸ್ತಕ ಹೇಳಿತ್ತು. ಅದಕ್ಕೇ ಹಾಲಿನವನು ಬಂದು "ಅಮ್ಮ ಒಳಗಿದಾರಾ?" ಅಂದರೂ ಟೇಪಣ್ಣ, ಆ ಬಗ್ಗೆ ನಾನು ಮಾತಾಡುವ ಹಾಗಿಲ್ಲ, ಅನ್ನುವಷ್ಟು ಪಳಗಿದ್ದ.

ಇದೆಲ್ಲ ಅಕ್ಕ ಮಂಚದ ಮೇಲಿಂದ ಕೇಳಿಸಿಕೊಂಡಿದ್ದಳು. ಅದಕ್ಕೇ ಮಾತ್ರೆ ನುಂಗಿ ಕೊನೆಯ ಮೊಳೆ ಹೊಡೆದಳು. "ಈ ಕೆಲಸದ ಮಟ್ಟಿಗೆ ನಾನು ನಿನ್ನ ಅಕ್ಕ ಅಲ್ಲ, ಗಿರಾಕಿ. ಯಾರಿಗೂ ಹೇಳ್ಬೇಡ. ನಿನ್ನ ಹೆಂಡ್ತಿಗೂ. ಪಾಪ, ಈಗ್ಲೇ ಅಳೋಕೆ ಶುರು ಮಾಡ್ತಾಳೆ, ಅನ್ನ ಸೀದುಹೋಗುತ್ತೆ."

ಮಾರನೇ ದಿನ ಟೇಪಣ್ಣ ಟೇಪು, ಸೀಮೆಸುಣ್ಣ, ಅಕ್ಕನಷ್ಟೇ ಉದ್ದದ ಒಂದು ಹಲಗೆ ತಗೊಂಡು ಮೆಟ್ಟಿಲಿಗೆ ಇಳಿದ. ಆ ಮೆಟ್ಟಿಲಿಗೆ ಕಿಟಕಿ ಇಲ್ಲ, ಹಾಡಹಗಲೂ ದೀಪ ಬೇಕು. ದೀಪದ ಸ್ವಿಚ್ಚು ಇದ್ದದ್ದು ನೆಲಮಹಡಿಯಲ್ಲಿ, ಮೀಟರ್ ಮಾವನ ಬಾಗಿಲ ಪಕ್ಕ. ಮೀಟರ್ ಮಾವ ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟರೂ ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಹತ್ತುವವರ ಚಪ್ಪಲಿ ಸದ್ದು ಕೇಳುತ್ತಾ ಕೂತಿದ್ದು, ಇಷ್ಟು ಹತ್ತಿದವರು ಇನ್ನು ತಡಕಾಡಿಕೊಂಡು ಹೋಗಬಲ್ಲರು ಅನ್ನಿಸಿದ ಕ್ಷಣ ದೀಪ ಆರಿಸುತ್ತಿದ್ದರು. ಎರಡನೇ ಮಹಡಿ ತಿರುವನ್ನು ಬೆಳಕಿನಲ್ಲಿ ನೋಡಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಎಡವಟ್ಟು ಇದ್ದದ್ದೂ ಆ ತಿರುವಿನಲ್ಲೇ. ಹಲಗೆಯನ್ನು ಹಿಡಿದು ತಿರುಗಿಸಿದರೆ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಮೆಟ್ಟಿಲಂಚಿನ ಕಬ್ಬಿಣದ ಕಂಬಿಗೆ. ಕಂಬಿಯ ಮೇಲಿಂದ ಎತ್ತೋಣ ಅಂದರೆ ಮೇಲಿನ ಮೆಟ್ಟಿಲ ಸಾಲು ತಲೆಗೆ ಬಡಿಯುತ್ತದೆ. ಟೇಪಣ್ಣ ಸೀಮೆಸುಣ್ಣದಲ್ಲಿ ನೆಲದ ಮೇಲೆ ಸ್ಟ್ರೆಚರಿನ ಅಳತೆಯ ಚೌಕ ಬರೆದ. ಅಳಿಸಿ ಓರೆಯಾಗಿ ಬರೆದ. ಗೋಡೆಗೆ ಆನಿಸಿ ಬರೆದ. ಹೇಗೆ ಬರೆದರೂ ನಾಲ್ಕು ಬೆರಳು ಕಮ್ಮಿ.

ಅಷ್ಟರಲ್ಲಿ ದೀಪ ಆರಿತು. ಕತ್ತಲಲ್ಲಿ ಹಲಗೆಯ ಜೊತೆ ಸಿಕ್ಕಿಹಾಕಿಕೊಂಡಿದ್ದ ಟೇಪಣ್ಣನಿಗೆ ಮೊದಲು ಎದುರಾದವರು, ಪೇಟೆಯಿಂದ ಬರುತ್ತಾ ಸದ್ದು ಕೇಳಿ ನೆಟ್ಟಗೆ ಮೇಲೆ ಹತ್ತಿ ಬಂದ ಮೊದಲನೇ ಮಹಡಿಯ ಟೀಚರಮ್ಮ. ಏನು ಅಳೀತಿದೀರಿ ಅಂದರು. ಗಿರಾಕಿಯ ವಿಷಯ, ಹೇಳುವ ಹಾಗಿಲ್ಲ ಅಂದ. ಯಾವ ಗಿರಾಕಿ ಅಂದರು. ಅದನ್ನಂತೂ ಸುತರಾಂ ಹೇಳುವ ಹಾಗಿಲ್ಲ ಅಂದ. ಮರೆಮಾಚುವ ವಿದ್ಯೆಯನ್ನು ಪುಸ್ತಕ ನೋಡಿ ಕಲಿತವನ ಪಾಡೇ ಹೀಗೆ. ಹೇಳುವುದಿಲ್ಲ ಅಂದ ಕೂಡಲೇ, ಹೇಳುವಂಥದ್ದು ಏನೋ ಇದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಟೇಪಣ್ಣನ ಮೊಬೈಲ್ ಬೆಳಕಿನಲ್ಲಿ ಟೀಚರಮ್ಮ ನೆಲದ ಮೇಲಿನ ಚೌಕ ನೋಡಿದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಆಮೇಲೆ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಚೌಕದ ಒಳಗೆ ಹೋಗಿ ನಿಂತರು. "ಚೀಲದ ಸಮೇತ ಹಿಡಿಸುತ್ತೆ ಕಣ್ರೀ," ಅಂದರು ಸಂತೋಷದಿಂದ.

"ಅದರೊಳಗಿಂದ ಈಚೆ ಬನ್ನಿ, ದಮ್ಮಯ್ಯ," ಅಂತ ಟೇಪಣ್ಣ ಅವರ ಚೀಲ ಹಿಡಿದೆಳೆದ.

ಸಂಜೆಯೊಳಗೆ ಕಟ್ಟಡಕ್ಕೆ ಲಿಫ್ಟು ಬರುವುದು ಖಾಯಂ ಆಗಿತ್ತು.

ಅಕ್ಕನಿಗೆ ವರದಿ ಒಪ್ಪಿಸಬೇಕಾದದ್ದೂ ಅದೇ ಸಂಜೆ. ಟೇಪಣ್ಣ ದಾರಿಯುದ್ದಕ್ಕೂ ಒಂದು ಮಾತು ಯೋಚಿಸಿಕೊಂಡು ಹತ್ತಿದ್ದ. ಅವಳ ಮುಖ ನೋಡಿದ ಕೂಡಲೇ ಇನ್ನೊಂದು ಮಾತು ಬಾಯಿಂದ ಬಂತು.

"ಹೋಗುತ್ತಕ್ಕಾ. ಆರಾಮಾಗಿ ಹೋಗುತ್ತೆ. ನಾಲ್ಕು ಬೆರಳು ಉಳಿಯುತ್ತೆ."

ಅಕ್ಕ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಉಳಿಯುತ್ತಾ, ಸರಿ ಬಿಡು, ಅಂತ ಗೋಡೆ ಕಡೆಗೆ ತಿರುಗಿ ಮಲಗಿದಳು.

ಇತ್ತ ಲಿಫ್ಟು ದಿನದಿನಕ್ಕೆ ಬೆಳೆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಏನು ಅಂತ ಆ ಕಟ್ಟಡದವರನ್ನು ನೋಡಿ ಕಲಿಯಬೇಕು. ಒಳಗೆ ಕನ್ನಡಿ ಬೇಕೋ ಬೇಡವೋ ಅಂತ ಎರಡು ಪಂಗಡವಾಯಿತು. ಬಾಗಿಲು ಎಡಕ್ಕೆ ತೆರೆದರೆ ತಮ್ಮ ಮನೆಯೊಳಗಿನದೆಲ್ಲ ಕಾಣುತ್ತದೆ ಅಂತ ಎರಡನೇ ಮಹಡಿಯವರು, ಬಲಕ್ಕೆ ತೆರೆದರೆ ಅವರ ಮನೆಯೊಳಗಿನದನ್ನು ತಾವು ನೋಡಬೇಕಾಗುತ್ತದೆ ಅಂತ ಅವರೆದುರಿನವರು ಮಾತು ಬಿಟ್ಟರು. ನಿವಾಸಿಗಳ ಸಂಘದ ಕಾರ್ಯದರ್ಶಿ ಸಭೆ ಕರೆದು, ಮಹಡಿಗೆ ತಕ್ಕ ಹಾಗೆ ಪಾಲು ಹಾಕೋಣ ಅಂದರು. ಆಗ ಮೀಟರ್ ಮಾವ ಎದ್ದು ನಿಂತರು.

"ನನ್ನ ಮನೆ ನೆಲದ ಮೇಲಿದೆ. ಲಿಫ್ಟಲ್ಲಿ ಕೂತು ನಾನು ಎಲ್ಲಿಗೆ ಹೋಗ್ಲಿ, ಪಾತಾಳಕ್ಕಾ?"

ನೆಂಟರಿಷ್ಟರನ್ನು ನೋಡೋಕೆ ಮೇಲೆ ಹೋಗಬಹುದಲ್ಲ ಅಂದರು ಕಾರ್ಯದರ್ಶಿ. ಮೇಲಿರುವವರಲ್ಲಿ ನೋಡುವಂಥವರು ಯಾರೂ ಇಲ್ಲ ಅಂದರು ಮಾವ. ಸಭೆ ಅಲ್ಲಿಗೆ ಮುಗಿಯಿತು. ಗದ್ದಲ ಆಮೇಲೆ ಶುರುವಾಯಿತು.

ಎಲ್ಲರೂ ಟೇಪಣ್ಣನನ್ನೇ ಕೇಳಿದರು. ಅವನು ಲಿಫ್ಟು ಬರುವುದಿಲ್ಲ ಅಂದರೆ, ಹಾಗಾದರೆ ಅಳೆದದ್ದು ಯಾಕೆ ಅನ್ನುತ್ತಿದ್ದರು. ಹೇಳುವ ಹಾಗಿಲ್ಲ ಅಂದರೆ ಕಣ್ಣು ಮಿಟುಕಿಸುತ್ತಿದ್ದರು. ಒಂದು ದಿನ ಯಾರೂ ಕರೆಯದೆ ಲಿಫ್ಟ್ ಕಂಪನಿಯವನೊಬ್ಬ ಬಣ್ಣದ ಚಿತ್ರಗಳ ಜೊತೆ ಬಂದು, ತಿರುವಿನ ಚೌಕ ನೋಡಿ ಗಲ್ಲ ಕೆರೆದುಕೊಂಡ. "ಅಳತೆ ಯಾರು ತಗೊಂಡಿದ್ದು ಸಾರ್? ನಿಂತು ಹೋಗೋರಿಗೆ ಇಷ್ಟು ಉದ್ದ ಯಾಕೆ?" ಅಂದ. ಇಡೀ ಕಟ್ಟಡದಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ಟೇಪಣ್ಣ ಗೋಡೆ ಕಡೆ ತಿರುಗಿಕೊಂಡು, ತುಂಬ ಹೊತ್ತು ಟೇಪು ಸುತ್ತಿದ.

ಹೆಂಡತಿಗಂತೂ ಹೆಮ್ಮೆ. ಗಂಡ ತನ್ನಿಂದಲೂ ಗುಟ್ಟು ಮುಚ್ಚಿಟ್ಟನಲ್ಲ, ಈ ಸಲ ಪಾಸಾಗೋದು ಗ್ಯಾರಂಟಿ ಅಂತ ಅತ್ತಿಗೆಯ ಹತ್ತಿರ ಕೂತು ಹೇಳಿಕೊಂಡಳು. ಲಿಫ್ಟು ಬರಲಿ ಅತ್ತಿಗೆ, ನಿಮ್ಮನ್ನ ದಿನಾ ಸಂಜೆ ಕೆಳಗೆ ಕರ್ಕೊಂಡು ಹೋಗ್ತೀನಿ, ಗಾಳಿ ಕುಡಿಯುವಿರಂತೆ, ಅಂದಳು. ಅಕ್ಕ ಅವಳ ಕೈ ಹಿಡಿದುಕೊಂಡು, ಕನ್ನಡಿ ಇರ್ಲಿ ಅನ್ನು, ಇಳಿಯೋ ಮುಂಚೆ ತಲೆ ನೋಡ್ಕೊಬಹುದು, ಅಂದಳು. ಪಕ್ಕದ ಕೋಣೆಯಲ್ಲಿ ಉತ್ತರ ಉರು ಹೊಡೆಯುತ್ತಿದ್ದ ಟೇಪಣ್ಣನಿಗೆ ಆಮೇಲೆ ಒಂದು ಸಾಲೂ ತಲೆಗೆ ಹತ್ತಲಿಲ್ಲ.

ಸಂದರ್ಶನದ ದಿನ ಬಂತು. ಉದ್ದನೆಯ ಮೇಜಿನ ಆಚೆ ಮೂವರು. ಅಧ್ಯಕ್ಷೆಯ ಗಂಟಲು ಕಟ್ಟಿತ್ತು. ಬಿಸಿನೀರು ಗುಟುಕರಿಸುತ್ತಾ ಮೆಲ್ಲಗೆ ಮಾತಾಡುತ್ತಿದ್ದರು. ಟೇಪಣ್ಣ ದೊಡ್ಡ ಗೋದಾಮೊಂದರ ಸರ್ವೇ ಬಗ್ಗೆ ಭಾಷಣ ತಯಾರು ಮಾಡಿದ್ದ. ಗಂಟೆ ಬಾರಿಸುವ ಮುಂಚೆ ಮುಗಿಸಿದ. ತೇವ ಕೇಳಿದರೆ ತೇವವನ್ನೇ ಹೇಳಿದ. ಒಂದು ಪ್ರಶ್ನೆಗೆ, ಗೊತ್ತಿಲ್ಲ ಮೇಡಂ, ತಿಳಿದವರನ್ನ ಕೇಳಿ ಹೇಳ್ತೀನಿ, ಅಂದ. ಮೂವರೂ ತಲೆಯಾಡಿಸಿದರು. ಮೂರು ಸಲ ಬಿದ್ದವನ ಎದೆ ಅಷ್ಟು ಹಗುರಾದದ್ದು ಅದೇ ಮೊದಲು.

"ಈ ಗೋದಾಮಿನ ಕೆಲಸದಲ್ಲಿ ನೀವು ಏನು ಮಾಡಿದ್ರಿ?" ಅಂದರು ಅಧ್ಯಕ್ಷೆ.

"ಟೇಪಿನ ಆ ತುದಿ ಹಿಡ್ಕೊಂಡಿದ್ದೆ ಮೇಡಂ."

"ಈ ತುದಿ?"

"ಸಾಹೇಬ್ರು."

ಪುಸ್ತಕದ ಮೊದಲನೇ ಪುಟದ ತಪ್ಪು ಅದು: ತನ್ನದಲ್ಲದ ದೊಡ್ಡ ಕೆಲಸವನ್ನು ಹೆಗಲಿಗೇರಿಸಿಕೊಂಡು ಬರುವುದು. ಹೆಂಡತಿ ಅದನ್ನು ಓದಿ ಹೇಳುವಾಗ ಟೇಪಣ್ಣ ಅಕ್ಕನಿಗೆ ಕಷಾಯ ಬಿಸಿ ಮಾಡುತ್ತಿದ್ದ. ಅಧ್ಯಕ್ಷೆ ಸಿಟ್ಟಾಗಲಿಲ್ಲ. ಚಿಕ್ಕದಾದರೂ ಪರವಾಗಿಲ್ಲ, ಶುರುವಿನಿಂದ ಕೊನೆಯವರೆಗೆ ನೀವೊಬ್ಬರೇ ಮಾಡಿದ ಒಂದು ಕೆಲಸ ಹೇಳಿ, ಅಂದರು. ಟೇಪಣ್ಣ ಸೂರು ನೋಡಿದ, ನೆಲ ನೋಡಿದ. ಇಷ್ಟು ವರ್ಷದ ನೌಕರಿಯಲ್ಲಿ ಎರಡೂ ತುದಿ ತಾನೇ ಹಿಡಿದ ಅಳತೆ ಒಂದೇ ಒಂದು.

ಗಿರಾಕಿ ಯಾರು ಅಂತ ಹೇಳೋ ಹಾಗಿಲ್ಲ, ಅಂತಲೇ ಶುರು ಮಾಡಿದ. ಹಳೇ ಕಟ್ಟಡ, ಮೂರನೇ ಮಹಡಿ. ಗಿರಾಕಿಯನ್ನ ಮಲಗಿಸಿ ಕೆಳಗೆ ತರೋಕೆ ಆಗುತ್ತಾ ಅಂತ ನೋಡಬೇಕಿತ್ತು. ಗಿರಾಕಿಗೆ ಬೇಡವಾದದ್ದು ಏನಂದರೆ, ಕುರ್ಚಿ. ಅಷ್ಟು ಹೇಳುವುದರೊಳಗೆ ಮೇಜಿನಾಚೆ ಬರೆಯುತ್ತಿದ್ದ ಪೆನ್ನುಗಳು ನಿಂತಿದ್ದವು.

"ಅಳತೆ ಏನು ಹೇಳ್ತು?" ಅಂದರು ಅಧ್ಯಕ್ಷೆ.

"ತಿರುವಿನಲ್ಲಿ ನಾಲ್ಕು ಬೆರಳು ಕಮ್ಮಿ ಮೇಡಂ."

"ಗಿರಾಕಿಗೆ ಏನು ಹೇಳಿದ್ರಿ?"

ಇಲ್ಲೊಂದು ಸುಳ್ಳು ಹೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ತನ್ನ ಪಾಲಿನ ಸುಳ್ಳನ್ನು ಟೇಪಣ್ಣ ಆಗಲೇ ಖರ್ಚು ಮಾಡಿಬಿಟ್ಟಿದ್ದ.

"ನಾಲ್ಕು ಬೆರಳು ಉಳಿಯುತ್ತೆ ಅಂದೆ."

ಅಧ್ಯಕ್ಷೆ ಬಿಸಿನೀರಿನ ಲೋಟ ಕೆಳಗಿಟ್ಟರು. ಇಲ್ಲ ಅನ್ನೋದು ವರದಿಯ ಅರ್ಧ, ಏನು ಮಾಡಿದರೆ ಆಗುತ್ತೆ ಅನ್ನೋದು ಇನ್ನರ್ಧ, ನೀವು ಎರಡನ್ನೂ ಕೊಟ್ಟಿಲ್ಲವಲ್ಲ, ಅಂದರು. ತಿರುವಿನ ಕಂಬಿ ಬಿಚ್ಚಿದರೆ ಆಗುತ್ತೆ ಮೇಡಂ, ಅಂದ ಟೇಪಣ್ಣ. ಆದರೆ ಅದು ಎಲ್ಲರ ಕಂಬಿ, ಎಲ್ಲರ ಒಪ್ಪಿಗೆ ಬೇಕು. ಯಾಕೆ ಅಂತ ಹೇಳದೆ ಒಪ್ಪಿಗೆ ಕೇಳೋಕಾಗಲ್ಲ. ಯಾಕೆ ಅಂತ ಹೇಳೋ ಹಾಗಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಹಾಗೆ ಆಗಿತ್ತು ಅವನಿಗೆ.

"ಹೇಳಬಹುದಾ ಅಂತ ಗಿರಾಕಿಯನ್ನೇ ಕೇಳಬಹುದಿತ್ತಲ್ಲ?"

ಪುಸ್ತಕದಲ್ಲಿರಲಿಲ್ಲ ಈ ಮಾತು. ಇತ್ತೋ ಏನೋ, ಟೇಪಣ್ಣನೇ ಅಲ್ಲಿಯವರೆಗೆ ಓದಿರಲಿಲ್ಲ.

ಅಧ್ಯಕ್ಷೆ ಕಡತ ಮುಚ್ಚಿದರು. ಗಿರಾಕಿ ಇನ್ನೂ ಇದಾರಾ ಅಂತ ಕೇಳಿದರು. ಅದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಇದಾರೆ ಅಂದ. "ಹಾಗಾದ್ರೆ ಇಲ್ಲಿ ಯಾಕೆ ಕೂತಿದೀರಿ? ಹೋಗಿ," ಅಂದರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಹೇಗಾಯ್ತು ಅಂದಳು. ಅವನು ನೆಟ್ಟಗೆ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕುಕ್ಕರಿಸಿದ. ಅಕ್ಕಾ, ನಾಲ್ಕು ಬೆರಳು ಉಳಿಯಲ್ಲ, ಕಮ್ಮಿ ಬೀಳುತ್ತೆ, ಅಂದ.

"ಗೊತ್ತು," ಅಂದಳು ಅಕ್ಕ. "ಕಮ್ಮಿ ಅಳತೆ ಕೊಟ್ಟು ಕಟ್ಟಿಕೊಡೋನ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವೇನೋ? ನಾನು ಬಟ್ಟೆ ಅಳೆದೋಳು. ಎಲ್ಲರಿಗೂ ಒಂದು ಬೆರಳು ಜಾಸ್ತೀನೇ ಕೊಟ್ಟೆ. ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಏನು ಕಮ್ಮಿ, ಏನು ಜಾಸ್ತಿ ಅಂತ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಒಳಗೆ ಹೋದಳು. ಅಕ್ಕ ಹೇಳಿದ್ದು ಸುಳ್ಳಾಗಲಿಲ್ಲ. ಅವತ್ತು ಅನ್ನ ಸೀದುಹೋಯಿತು.

ಕಂಬಿಯ ವಿಷಯ ಕೇಳಿದ ಅಕ್ಕ, ಎಲ್ಲರನ್ನೂ ಮೇಲಕ್ಕೆ ಕರಿ, ನಾನೇ ಹೇಳ್ತೀನಿ ಅಂದಳು. ಲಿಫ್ಟಿನ ಬಗ್ಗೆ ಕೊನೆಯ ತೀರ್ಮಾನ ಅಂತ ತಿಳಿದು ಇಡೀ ಕಟ್ಟಡವೇ ಬಂತು. ಮಂಚದ ಸುತ್ತ ಜಾಗ ಸಾಲದೆ ಮಾತು ಬಿಟ್ಟಿದ್ದ ಎರಡನೇ ಮಹಡಿಯವರು ಒಂದೇ ಟ್ರಂಕಿನ ಮೇಲೆ ಕೂರಬೇಕಾಯಿತು. ಮೀಟರ್ ಮಾವ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ, ಬರುವಾಗಲೇ, ಪಾಲು ಕೊಡಲ್ಲ ಅನ್ನುತ್ತಾ ಬಂದರು.

ಲಿಫ್ಟಿಲ್ಲ, ಅಂದಳು ಅಕ್ಕ. ತಮ್ಮ ಅಳೆದದ್ದು ನನ್ನನ್ನ. ಎದುರುಮನೆ ಅಜ್ಜನ ಹಾಗೆ ತಲೆಯಾಡಿಸ್ತಾ ಇಳಿಯೋಕೆ ನನಗೆ ನಾಚಿಕೆ. ತಿರುವಿನ ಕಂಬಿ ಒಂದು ದಿನದ ಮಟ್ಟಿಗೆ ಬಿಚ್ಚಿ ಕೊಡ್ತೀರಾ? ಮತ್ತೆ ಹಾಕ್ಕೊಳ್ಳಿ.

ಟೀಚರಮ್ಮ ಸೆರಗು ಬಾಯಿಗೆ ಹಿಡಿದರು. ಆ ಚೌಕದೊಳಗೆ ಚೀಲ ಹಿಡಿದು ನಿಂತದ್ದು ಅವರಿಗೆ ನೆನಪಾಗಿರಬೇಕು. ಕೊನೆಗೆ ಕಾರ್ಯದರ್ಶಿ ಕೆಮ್ಮಿದರು. ಅವರು ಒಳ್ಳೆಯವರೇ, ಆದರೆ ನಿಯಮ ಬಿಟ್ಟು ಉಸಿರಾಡಿದವರಲ್ಲ. ಕಂಬಿ ಸಂಘದ ಆಸ್ತಿ, ತೆಗೆಯೋಕೆ ನಿರ್ಣಯ ಆಗಬೇಕು, ಒಬ್ಬರು ಸೂಚಿಸಬೇಕು, ಒಬ್ಬರು ಅನುಮೋದಿಸಬೇಕು, ಅಂದರು.

"ಸೂಚನೆ ನನ್ನದು," ಅಂದರು ಮೀಟರ್ ಮಾವ, ಯಾರ ಮುಖವನ್ನೂ ನೋಡದೆ.

"ಅನುಮೋದನೆ ನಾನೇ ಮಾಡ್ತೀನಿ," ಅಂತ ಅಕ್ಕ ಹೊದಿಕೆಯೊಳಗಿಂದ ಕೈ ಎತ್ತಿದಳು. "ನಾನೂ ಸದಸ್ಯೆ ಅಲ್ವಾ, ಸದ್ಯಕ್ಕೆ?"

ಕಟ್ಟಡದ ಇತಿಹಾಸದಲ್ಲಿ ಒಬ್ಬರೂ ಎದುರು ಮಾತಾಡದೆ ಪಾಸಾದ ನಿರ್ಣಯ ಅದೊಂದೇ.

ಪಾಸಾದದ್ದೂ ಅದೊಂದೇ. ವೃತ್ತಿ ಸಂಘದ ಫಲಿತಾಂಶ ಬಂದಾಗ ಟೇಪಣ್ಣ ನಾಲ್ಕನೇ ಸಲವೂ ಬಿದ್ದಿದ್ದ. ಮಿಕ್ಕಿದ್ದೆಲ್ಲ ತೃಪ್ತಿಕರ, ಆದರೆ ತಿಳಿದೂ ತಿಳಿದೂ ಗಿರಾಕಿಗೆ ತಪ್ಪು ವರದಿ ಕೊಟ್ಟವರನ್ನು ಪಾಸು ಮಾಡುವಂತಿಲ್ಲ, ಮುಂದಿನ ಸಲ ಬನ್ನಿ ಅಂತಿತ್ತು. ಹೆಂಡತಿ ತಪ್ಪುಗಳ ಪುಸ್ತಕವನ್ನು ಎಸೆಯಲಿಲ್ಲ. ಧೂಳು ಒರೆಸಿ ಮತ್ತೆ ಅಡುಗೆಮನೆಯ ಹಲಗೆಯ ಮೇಲಿಟ್ಟಳು. ಅಕ್ಕ ಮಾತ್ರ ಬಹಳ ನೊಂದುಕೊಂಡಳು.

"ನನ್ನಿಂದ ಹೋಯ್ತಲ್ಲೋ ನಿನ್ನ ಪರೀಕ್ಷೆ."

"ನಿನ್ನಿಂದ ಅಲ್ಲಕ್ಕಾ. ನಾಲ್ಕು ಬೆರಳಿಂದ ಹೋಯ್ತು."

ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಅವನು ಬೆನ್ನು ನೀವಿದ. ಮುಂದಿನ ಸಲ ಹೋದಾಗ ಆ ಗಂಟಲು ಕಟ್ಟಿದಮ್ಮನಿಗೆ ಹೇಳು, ಗಿರಾಕಿ ದೂರು ಕೊಟ್ಟಿಲ್ಲ ಅಂತ, ಅಂದಳು ಸುಧಾರಿಸಿಕೊಂಡು.

ಅದಾಗಿ ಅಕ್ಕ ಹೆಚ್ಚು ದಿನ ಇರಲಿಲ್ಲ. ಒಂದು ಮಧ್ಯಾಹ್ನ ಟೇಪಣ್ಣ ಆಫೀಸಿನಿಂದ ಓಡಿಬರುವಷ್ಟರಲ್ಲಿ ಹೆಂಡತಿ ಅತ್ತಿಗೆಯ ತಲೆ ಬಾಚಿ, ಕೈಗನ್ನಡಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಕೂತಿದ್ದಳು. ಮೆಟ್ಟಿಲಲ್ಲಿ ಆಗಲೇ ಸದ್ದು. ಕಂಬಿಯ ಬೋಲ್ಟುಗಳ ಮೇಲೆ ಎಷ್ಟೋ ಸಲ ಬಳಿದ ಬಣ್ಣ ಕಲ್ಲಾಗಿ ಕೂತಿತ್ತು. ಕಾರ್ಯದರ್ಶಿ ಸ್ಪ್ಯಾನರ್ ಹಿಡಿದು ಬೆವರುತ್ತಿದ್ದರು. ಎರಡನೇ ಮಹಡಿಯ ಎರಡೂ ಮನೆಯವರು ಒಟ್ಟಿಗೆ ಕಂಬಿಯನ್ನು ಜಗ್ಗುತ್ತಿದ್ದರು. ಟೀಚರಮ್ಮ ಒದ್ದೆ ಬಟ್ಟೆಯಲ್ಲಿ ಸೀಮೆಸುಣ್ಣದ ಚೌಕ ಒರೆಸುತ್ತಿದ್ದರು. ಯಾರೂ ತುಳಿಯಬಾರದು ಅಂತ.

ನಾಲ್ವರು ಹೊತ್ತರು. ಮುಂದಿನವರು ಹೆಗಲ ಮಟ್ಟಕ್ಕೆ, ಹಿಂದಿನವರು ಕೈ ಇಳಿಬಿಟ್ಟು, ಹಾಗೆ ಹಿಡಿದರೆ ಇಳಿಜಾರಿನಲ್ಲೂ ಓರೆಯಾಗುವುದಿಲ್ಲ ಅಂತ ಟೇಪಣ್ಣ ಹೇಳಿಕೊಟ್ಟಿದ್ದ. ಬಲ ಮುಂಭಾಗದಲ್ಲಿ ಅವನೇ. ತಿರುವಿಗೆ ಬಂದರು. ಕಂಬಿ ಇದ್ದ ಜಾಗದಲ್ಲಿ ಈಗ ಬರೀ ಗಾಳಿ. ಒಂದು ಹೆಜ್ಜೆ, ಅರ್ಧ ಹೆಜ್ಜೆ, ಸ್ಟ್ರೆಚರಿನ ತುದಿ ಆ ಖಾಲಿಯೊಳಗೆ ತೇಲಿ ತಿರುಗಿತು. ಗೋಡೆಗೆ ತಾಗಲಿಲ್ಲ. ಅಕ್ಕನ ತಲೆ ಅಲುಗಲಿಲ್ಲ.

ಕೆಳಗಿನಿಂದ ಮೀಟರ್ ಮಾವನ ದನಿ ಬಂತು. "ಎಷ್ಟು ಉಳೀತಯ್ಯಾ?"

ಟೇಪಣ್ಣ ಗೋಡೆ ಕಡೆ ನೋಡಿ, ನೋಡಿದ್ದನ್ನೇ ಹೇಳಿದ.

"ಒಂದು ಬೆರಳು, ಮಾವ."

ಉಳಿದ ಮೆಟ್ಟಿಲು ಇಳಿದರು. ಮೀಟರ್ ಮಾವ ತಮ್ಮ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದರು, ಯಾರ ಕೈಯಾದರೂ ತಪ್ಪಿ ತಾಗೀತು ಅಂತ ಅಂಗೈಯಿಂದ ಸ್ವಿಚ್ಚನ್ನು ಮುಚ್ಚಿ ಹಿಡಿದುಕೊಂಡು. ಅಕ್ಕ ಬೀದಿಗೆ ಇಳಿದ ಮೇಲೂ, ಕೊನೆಯವರು ಹೊರಗೆ ಹೋದ ಮೇಲೂ, ಖಾಲಿ ಮೆಟ್ಟಿಲ ತುದಿಯವರೆಗೆ ದೀಪ ಉರಿಯುತ್ತಲೇ ಇತ್ತು.